ಡಬ್ಬದೊಳಗಿನ ಮಹಾರಾಣಿಯರು

ಮುಳಬಾಗಿಲಿನ ನಮ್ಮ ಬೀದಿಯಲ್ಲಿ ಒಬ್ಬ ನಿವೃತ್ತ ಗಣಿತದ ಮೇಡಂ ಇದ್ದರು. ಯಾವುದೋ ಕಾಲದ ಕ್ರಿಸ್‌ಮಸ್‌ಗೆಂದು ವಿದೇಶದಲ್ಲಿ ಮಾರಿದ್ದ ಫ್ಯಾಷನ್ ಗೊಂಬೆಗಳನ್ನು ಫೋನಿನಲ್ಲೇ ಹುಡುಕಿ ತರಿಸುವುದು ಅವರ ಹುಚ್ಚು. ಕೆಂಪು ಮಖಮಲ್ಲಿನ ಗೌನು, ಚಿನ್ನದ ಬಣ್ಣದ ಕೂದಲು, ಎಂದೂ ತೆರೆಯದ ಡಬ್ಬ. ಯಾರಾದರೂ ಹತ್ತಿರ ಬಾಗಿದರೆ ಸಾಕು, "ಡಬ್ಬ ಮುಟ್ಬೇಡಿ, ಬೆಲೆ ಬಿದ್ದೋಗುತ್ತೆ" ಎನ್ನುತ್ತ ಸೆರಗಿನಿಂದ ಅದನ್ನು ಒರೆಸುತ್ತಿದ್ದರು. ನಾವು ಕೂರುವ ಸೋಫಾ ಒರೆಸಿದ್ದನ್ನು ಮಾತ್ರ ನಾನು ಕಂಡಿಲ್ಲ.

ಒಂದು ದಸರೆಗೆ ಮೇಡಂ ಪಟ್ಟದ ಗೊಂಬೆಗಳನ್ನು ಕೆಳಗಿಳಿಸಿ, ಮೇಲಿನ ಮೆಟ್ಟಿಲಿಗೆ ಈ ಮಹಾರಾಣಿಯರನ್ನು ಡಬ್ಬಸಮೇತ ಏರಿಸಿದರು. ಎದುರುಮನೆಯ ಅಜ್ಜಿ ಆರತಿ ಎತ್ತಿ, ತುದಿಗಾಲಲ್ಲಿ ನಿಂತು, ವಾಡಿಕೆಯಂತೆ ಮೇಲಿನ ಗೊಂಬೆಗೆ ಕುಂಕುಮ ಇಟ್ಟರು. ಅದು ಡಬ್ಬದ ಪ್ಲಾಸ್ಟಿಕ್ಕಿಗೆ ಹತ್ತಿತು. ಮೇಡಂ ಓಡಿಬಂದು ಸೆರಗಿನಿಂದ ಒರೆಸಿಯೇಬಿಟ್ಟರು.

"ಅಮ್ಮಾಯಿ, ಹಬ್ಬದ ದಿನ ಹೆಣ್ಣಿನ ಹಣೇಲಿರೋ ಕುಂಕುಮ ಅಳಿಸ್ತಾರೇನೇ?" ಎಂದರು ಅಜ್ಜಿ. ಉಸಲಿ ತಿನ್ನುತ್ತಿದ್ದ ನಾವೆಲ್ಲ ಅಗಿಯುವುದನ್ನೇ ನಿಲ್ಲಿಸಿದೆವು.

"ಹಣೆಯಲ್ಲ ಅಜ್ಜೀ, ಡಬ್ಬ" ಎಂದರು ಮೇಡಂ.

ಅಜ್ಜಿ ತಾಂಬೂಲ ತೆಗೆದುಕೊಳ್ಳದೆ ಹೊರಟುಹೋದರು.

ಮರುವರ್ಷ ಮೇಡಂ ತಾವೇ ಹೋಗಿ ಅಜ್ಜಿಯನ್ನು ಕರೆತಂದರು. ಅಜ್ಜಿ ಕುಂಕುಮದ ಬಟ್ಟಲು ಹಿಡಿದು ಮೆಟ್ಟಿಲ ಬಳಿ ಹೋಗುವಷ್ಟರಲ್ಲಿ, "ನಾನೇ ಇಟ್ಟಿದೀನಿ ಅಜ್ಜೀ, ನೋಡಿ" ಎಂದರು ಮೇಡಂ. ನಿಜ. ಪ್ರತಿ ಡಬ್ಬಕ್ಕೂ ಹೊಸದೊಂದು ಪ್ಲಾಸ್ಟಿಕ್ ಕವರು, ಕವರಿನ ಮೇಲೆ ಒಂದು ಸ್ಟಿಕ್ಕರ್ ಬೊಟ್ಟು.

ಅಜ್ಜಿ ಕಣ್ಣು ಕಿರಿದಾಗಿಸಿ ನೋಡಿದರು. ಆಮೇಲೆ ಬಾಗಿ, ಕೆಳಗಿನ ಮೆಟ್ಟಿಲಿನ ಪಟ್ಟದ ಗೊಂಬೆಗಳಿಗೆ ಕುಂಕುಮ ಇಡುತ್ತ ಹೇಳಿದರು: "ಒಳ್ಳೇದಾಯ್ತು ಬಿಡಮ್ಮಾ. ಇನ್ಮೇಲೆ ಒರೆಸೋ ಕಷ್ಟ ಇಲ್ಲ, ಕಿತ್ತಾಕಿದ್ರೆ ಆಯ್ತು."