ಕಲ್ಲಿನ ಮಗುವಿನ ಸ್ನಾನ

ಬೆಟ್ಟ ಹತ್ತುವಾಗ ಬಿದ್ದು ಸತ್ತ ಯಾತ್ರಿಕರ ನೆನಪಿಗೆ ಶಿಖರದ ಬಯಲಿನಲ್ಲಿ ಒಂದು ಶಿಲ್ಪವಿದೆ: ಮಡಿಲಲ್ಲಿ ಮಗುವನ್ನು ಮಲಗಿಸಿಕೊಂಡ ದೇವಮಾತೆ. ನಾನು ಈ ಮನೆಗೆ ಬರುವ ಮೊದಲಿನಿಂದಲೂ ಅದನ್ನು ವಾರಕ್ಕೊಮ್ಮೆ ತೊಳೆಯುವುದು ನಮ್ಮ ಅತ್ತೆಯ ಕೆಲಸ. ಈಗ ಅವರ ಮೊಣಕಾಲು ಮಾತು ಕೇಳುತ್ತಿಲ್ಲ. ಇವತ್ತು ನನ್ನ ಮಗುವನ್ನೆತ್ತಿಕೊಂಡು ನಾನೂ ಜೊತೆಗೆ ಹತ್ತಿದೆ. ಮೇಲೆ ತಲುಪಿದ್ದೇ ಅವರು ಕಟ್ಟೆಯ ಮೇಲೆ ಕುಸಿದು ಕೂತರು.

“ಇನ್ನು ನನ್ನ ಕೈಲಾಗಲ್ಲ ಕಣೇ. ಬೇರೆಯವರಿಗೆ ಬಿಟ್ರೆ ಪೈಪಲ್ಲಿ ನೀರು ಹೊಡೆದು ಕೈ ತೊಳ್ಕೋತಾರೆ.”

“ಬ್ರಷ್ ಕೊಡಿ ಅತ್ತೆ. ನೀವು ಇವಳನ್ನ ಹಿಡ್ಕೊಳ್ಳಿ.”

ರಾತ್ರಿಯೆಲ್ಲ ಮಗು ನನ್ನನ್ನು ಮಲಗಲು ಬಿಟ್ಟಿರಲಿಲ್ಲ. ಬೇಗ ಮುಗಿದರೆ ಸಾಕೆಂದು ಕಲ್ಲಿನ ಮಗುವಿನ ಮುಖಕ್ಕೆ ಬಕೆಟ್ ನೀರು ಸುರಿದೆ.

“ಅಯ್ಯೋ, ಮೂಗಿಗೆ ಹೋಗುತ್ತೆ! ತಲೆ ಕೆಳಗೆ ಕೈ ಕೊಡೇ!”

“ಅದು ಕಲ್ಲು ಅತ್ತೆ.”

“ಗೊತ್ತು ಬಿಡು. ನಿನ್ನ ಮಗಳಿಗೂ ಹೀಗೇ ಸುರೀತೀಯಾ?”

ನಿದ್ದೆಗೆ ಜಾರಿದ್ದ ನನ್ನ ಮಗಳ ಕತ್ತಿನ ಕೆಳಗೆ ಅವರ ಅಂಗೈ ಇತ್ತು. ಹುಟ್ಟಿದಾಗಿನಿಂದ ಅವಳಿಗೆ ಸ್ನಾನ ಮಾಡಿಸಿದ ಕೈ ಅದು. ನಾನು ಎಡಗೈಯನ್ನು ಕಲ್ಲಿನ ತಲೆಯ ಕೆಳಗಿನ ಸಂದಿಗೆ ತೂರಿಸಿ, ಕಿವಿಯ ಹಿಂದಿನಿಂದ ಮೆಲ್ಲಗೆ ಉಜ್ಜತೊಡಗಿದೆ.

“ಹಾಂ, ಹಾಗೆ,” ಎಂದು ಅತ್ತೆ ಕಾಲು ಚಾಚಿದರು. “ಮುಂದಿನ ವಾರ ನೀನೇ ಬಾ. ಮಗೂನ ನಾನು ಮನೇಲಿ ನೋಡ್ಕೋತೀನಿ.”