ಕೋಟಿನ ಮೊಣಕೈ

ಊರಿಗೆಲ್ಲ ಅವಳು ಟೆಂಟಮ್ಮ. ಹೆತ್ತವರು ಇಟ್ಟ ಹೆಸರು ಅಕ್ಕನ ಬಾಯಲ್ಲಿ ಮಾತ್ರ ಉಳಿದಿತ್ತು, ಅದೂ ಸಿಟ್ಟು ಬಂದಾಗ. ಬಸ್ ನಿಲ್ದಾಣದ ಹಿಂದೆ, ಬೀಗದ ಅಂಗಡಿಗೂ ಲಾಂಡ್ರಿಗೂ ನಡುವೆ ಸಿಕ್ಕಿಕೊಂಡಂತೆ ಅವಳ ಹೊಲಿಗೆ ಅಂಗಡಿ. ಬೆಟ್ಟ ಹತ್ತುವ ಹುಚ್ಚಿನವರ ಬ್ಯಾಗು, ಟೆಂಟು, ಮಲಗುವ ಚೀಲ ಹರಿದರೆ ಅಲ್ಲಿಗೇ ಬರುತ್ತಿದ್ದವು. ಅವುಗಳೊಳಗಿನ ಕೆಸರು, ಹುಲ್ಲುಬೀಜ, ಯಾವುದೋ ದೇಶದ ಮರಳನ್ನೆಲ್ಲ ಒದರಿ ಅವಳು ಹೊಲಿದುಕೊಡುತ್ತಿದ್ದಳು. ಹೀಗೆ ಪರರ ಬೆಟ್ಟದ ಮಣ್ಣು ಗುಡಿಸಿಕೊಂಡೇ ಇದ್ದವಳಿಗೆ ಐವತ್ತು ದಾಟಿದ ಮೇಲೆ ತಾನೂ ಒಂದು ಬೆಟ್ಟ ಹತ್ತಬೇಕೆಂಬ ಹುಚ್ಚು ತಲೆಗೇರಿತು. ಅದೂ ಹೊರದೇಶದಲ್ಲಿ, ಒಬ್ಬಳೇ.

"ಭಾಷೆ ಬರಲ್ಲ, ಗುರುತಿಲ್ಲ. ಕಾಲು ಜಾರಿ ಬಿದ್ರೆ ನಿನ್ನ ಕೇಳೋರು ಯಾರು?" ಎಂದಳು ಅಕ್ಕ.

"ಗುರುತು ಮಾಡ್ಕೋತೀನಿ ಬಿಡಕ್ಕ."

"ಯಾರನ್ನ?"

"ಯಾರಾದ್ರೂ ಒಬ್ಬರನ್ನ."

ಅಕ್ಕ ಹಣೆ ಚಚ್ಚಿಕೊಂಡಳು. ಆದರೆ ಟೆಂಟಮ್ಮನಿಗೆ ಬೇಕಿದ್ದದ್ದು ಅದೇ. ಹಿಂದಿರುಗಿ ಬಂದ ಗಿರಾಕಿಗಳು ಬೆಟ್ಟದ ಬಗ್ಗೆ ಎರಡು ಮಾತಾಡಿ, ದಾರಿಯಲ್ಲಿ ಕರೆದು ಚಹಾ ಕೊಟ್ಟ ಯಾರೋ ಅಪರಿಚಿತರ ಬಗ್ಗೆ ಗಂಟೆಗಟ್ಟಲೆ ಕೊರೆಯುತ್ತಿದ್ದರು. ಅಂಥವರು ಒಬ್ಬರು ತನಗೂ ಸಿಗಬೇಕು. ಸಿಗದೆ ವಾಪಸು ಬಂದರೆ ಅಕ್ಕ ಗೆದ್ದಂತೆಯೇ.

ಬೆಟ್ಟದ ಬುಡದ ಆ ಪುಟ್ಟ ಊರಿನಲ್ಲಿ ಒಬ್ಬ ವಿಧವೆಯ ಮನೆಯ ಮೇಲಿನ ಕೋಣೆ ಬಾಡಿಗೆಗೆ ಸಿಕ್ಕಿತು. ಬೆಟ್ಟಕ್ಕೆ ಮಂಜು ಮುಸುಕಿ ದಾರಿ ಮುಚ್ಚಿದ್ದರಿಂದ ಕಾಯದೆ ವಿಧಿಯಿರಲಿಲ್ಲ. ಮನೆಯೊಡತಿ ಅವಳಿಗಿಂತ ಹಿರಿಯಳು, ಮಾತು ಕಡಿಮೆ. ಆದರೂ ಎರಡನೆಯ ದಿನವೇ ಅಡುಗೆಮನೆಯ ಕಿಟಕಿಯ ಬಳಿ ತನ್ನ ಕುರ್ಚಿಯ ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದಿಟ್ಟಳು. ಇಬ್ಬರೂ ಕೂತು ಆಲೂಗಡ್ಡೆ ಸುಲಿದರು. ಕೈಸನ್ನೆಯಲ್ಲೇ ಮಾತಾಡಿ ನಕ್ಕರು. ಅಕ್ಕನಿಗೆ ಫೋನ್ ಮಾಡಿ, "ಸಿಕ್ಕಿದ್ರು ಕಣಕ್ಕ," ಎಂದು ಟೆಂಟಮ್ಮ ಬೀಗಿದಳು.

ಅಲ್ಲಿಗೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಹಿಂಬಾಗಿಲ ಗೂಟದಲ್ಲಿ ಗಂಡಸಿನ ಉಣ್ಣೆ ಕೋಟೊಂದು ನೇತಾಡುತ್ತಿತ್ತು. ಅದರ ಮೊಣಕೈ ಹರಿದಿತ್ತು. ಹರಿದದ್ದು ಕಂಡರೆ ಅವಳ ಕೈ ಸುಮ್ಮನಿರುವ ಕೈಯೇ? ಮನೆಯೊಡತಿ ಮಾರುಕಟ್ಟೆಗೆ ಹೋದದ್ದೇ ತಡ, ಕೋಟಿನ ಒಳ ಅಂಚಿನಿಂದ ಎಳೆ ತೆಗೆದು, ಹೆಣೆದು, ತೂತು ಎಲ್ಲಿತ್ತೆಂದು ತನಗೇ ಕಾಣದ ಹಾಗೆ ಮುಚ್ಚಿ ಮತ್ತೆ ಗೂಟಕ್ಕೆ ಹಾಕಿದಳು. ಆಮೇಲೆ ಶಭಾಷ್‌ಗಿರಿಗೆ ಕಾಯುತ್ತಾ ಕೂತಳು.

ಬಂದ ಮನೆಯೊಡತಿ ಕೋಟನ್ನು ಬೆಳಕಿಗೆ ಹಿಡಿದಳು. ಅವಳ ಬೆರಳು ಮೊಣಕೈ ಮೇಲೆ ತಡಕಾಡಿತು. ಮುಖ ಸುಣ್ಣದಂತಾಯಿತು. ಕೋಟನ್ನು ಎದೆಗವಚಿಕೊಂಡು ಒಳಗೆ ಹೋದಳು. ಸಂಜೆ ನೋಡಿದರೆ ಎರಡನೆಯ ಕುರ್ಚಿ ಗೋಡೆಗೆ ಸೇರಿತ್ತು.

ಟೆಂಟಮ್ಮನಿಗೆ ತಲೆಬುಡ ಅರ್ಥವಾಗಲಿಲ್ಲ. ಎಳೆ ಬಿಗಿಯಾಯಿತೇ? ಬಣ್ಣ ಕೂಡಲಿಲ್ಲವೇ? ಕೇಳದೆ ಮುಟ್ಟಿದ್ದು ತಪ್ಪಾಯಿತೇ? ಪಾತ್ರೆ ತೊಳೆಯಲು ಹೋದರೆ ಮನೆಯೊಡತಿ ತಟ್ಟೆಯನ್ನು ಮೆಲ್ಲಗೆ ಕಸಿದುಕೊಂಡಳು. ಬೈದಿದ್ದರೂ ಬೇಕಿತ್ತು, ಆ ಮೆಲ್ಲಗೆ ಎಂಬುದೇ ಅವಳನ್ನು ತಿಂದುಹಾಕಿತು.

ಮರುದಿನ ಬೆಳಿಗ್ಗೆ ತಡೆಯಲಾರದೆ ಒಂದು ಭಾಷೆಯ ಮಾತನ್ನು ಇನ್ನೊಂದಕ್ಕೆ ತಿರುಗಿಸಿ ಹೇಳುವ ಫೋನನ್ನು ಅವಳ ಮುಂದೆ ಹಿಡಿದು, "ನಾನು ಏನ್ ತಪ್ಪು ಮಾಡಿದೆ?" ಎಂದು ಕೇಳಿದಳು. ಮನೆಯೊಡತಿ ಫೋನಿನತ್ತ ಬಾಗಿ ಉತ್ತರಿಸಿದಳು. ಫೋನು ಅದನ್ನು ತನ್ನ ಒಣಕಲು ಕನ್ನಡದಲ್ಲಿ ಒಪ್ಪಿಸಿತು: "ಇದು ನನ್ನ ಗಂಡನ ಕೋಟು. ಹೊಲಿದುಕೊಡು ಎಂದು ಅವನು ಕೇಳುತ್ತಿದ್ದ. ನಾಳೆ ಎಂದು ನಾನು ಹೇಳುತ್ತಿದ್ದೆ. ಅವನು ತೀರಿಹೋದ. ಹೊಲಿಯುವ ಕೆಲಸ ನನ್ನದು."

ಟೆಂಟಮ್ಮನಿಗೆ ಅಳು ಬಂತು, ಜೊತೆಗೆ ಇನ್ನಷ್ಟು ಗೊಂದಲ. ಹೊಲಿಯದೆ ಇಟ್ಟುಕೊಂಡದ್ದು ಎಂದಾದರೂ ತಾನೇ ಹೊಲಿಯಲಿಕ್ಕೋ, ಹೊಲಿಯದೆಯೇ ಇರಲಿಕ್ಕೋ? ಆದರೆ ತನ್ನದಲ್ಲದ ಕೆಲಸ ಕದ್ದಿದ್ದೇನೆ ಎಂಬಷ್ಟು ತಿಳಿಯಿತು. ಕೋಟನ್ನು ಸನ್ನೆಯಲ್ಲೇ ಬೇಡಿ ತೆಗೆದುಕೊಂಡಳು. ಕಿಟಕಿಯ ಬಳಿ ನೆಲದಲ್ಲಿ ಕೂತು, ತನ್ನ ಜೀವಮಾನದ ಅತ್ಯುತ್ತಮ ಹೊಲಿಗೆಯನ್ನು ಒಂದೊಂದೇ ಎಳೆಯಾಗಿ ಬಿಚ್ಚಿದಳು.

ತೂತು ಮತ್ತೆ ಬಾಯಿಬಿಟ್ಟಿತು. ಮನೆಯೊಡತಿ ಅದರೊಳಗೆ ಬೆರಳು ತೂರಿಸಿ ಆಡಿಸಿದಳು. ನಕ್ಕಳು, ಅತ್ತಳು, ಎದ್ದುಹೋಗಿ ಸೂಜಿದಾರ ತಂದಳು. ಗೋಡೆಗಿದ್ದ ಕುರ್ಚಿಯನ್ನು ಎಳೆದು ತನ್ನ ಪಕ್ಕಕ್ಕೆ ಹಾಕಿದಳು.

ಅಬ್ಬಾ, ಅದೆಂಥ ಹೊಲಿಗೆ! ಒಂದು ಹೊಲಿಗೆ ಗೇಣುದ್ದ, ಇನ್ನೊಂದು ಬರೀ ಗಂಟು, ದಾರ ಬೇರೆ ಬಣ್ಣ, ಬಟ್ಟೆಯೆಲ್ಲ ಸುಕ್ಕು. ಅಂಗಡಿಯಲ್ಲಾಗಿದ್ದರೆ ಟೆಂಟಮ್ಮ ಕಿತ್ತು ಬಿಸಾಡುತ್ತಿದ್ದಳು. ಇಲ್ಲಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡು ಕೂತಳು.

ಮಂಜು ಕರಗಿ ದಾರಿ ತೆರೆದ ಬೆಳಿಗ್ಗೆ, ಮನೆಯೊಡತಿ ಬಾಗಿಲಲ್ಲಿ ಆ ಕೋಟನ್ನು ಅವಳಿಗೆ ತೊಡಿಸಿ ಗುಂಡಿಗಳನ್ನು ತಾನೇ ಹಾಕಿದಳು. ಏಕೆಂದು ಟೆಂಟಮ್ಮನಿಗೆ ತಿಳಿಯಲಿಲ್ಲ, ಕೇಳಲು ಫೋನು ತೆಗೆಯಲೂ ಇಲ್ಲ. ಏರುವ ದಾರಿಯುದ್ದಕ್ಕೂ ಮೊಣಕೈಯ ಹೊಲಿಗೆಯ ಸಂದಿಯಿಂದ ಚಳಿಗಾಳಿ ನುಗ್ಗುತ್ತಿತ್ತು. ಬ್ಯಾಗಿನ ಹೊರಜೇಬಿನಲ್ಲೇ ಸೂಜಿಯಿತ್ತು. ಅವಳು ಅಂಗೈಯಿಂದ ಆ ಹೊಲಿಗೆಯನ್ನು ಮುಚ್ಚಿಕೊಂಡು ತುದಿಯವರೆಗೂ ನಡೆದಳು.