ಅಳದ ಕೂಸು

ಪರೇಲ್‌ನ ನಮ್ಮ ಚಾಳಿನ ಒಂಟಿಕೋಣೆ ಮನೆಗಳ ಸಾಲಿನಲ್ಲಿ ಪಕ್ಕದ ಖೋಲಿಯ ಕೂಸು ಅಳುತ್ತಲೇ ಇರಲಿಲ್ಲ. ಮದುವೆಯಾಗಿ ಮೈಸೂರಿನಿಂದ ಬಂದು, ಹತ್ತಿರದ ಕನ್ನಡ ಶಾಲೆಯಲ್ಲಿ ಮೂರನೇ ತರಗತಿಗೆ ಪಾಠ ಹೇಳುತ್ತಿದ್ದ ನನಗೆ, ಎಂಥ ಸಾಧು ಮಗು ಅನ್ನಿಸುತ್ತಿತ್ತು. ತಾಯಿ ವಿಜಾಪುರದ ಕಡೆಯವಳು. ಕೂಸು ಹೊಟ್ಟೆಯಲ್ಲಿದ್ದಾಗಲೇ ಗಂಡ ತೀರಿಕೊಂಡಿದ್ದ. ಬೆಳಿಗ್ಗೆ ಕೂಸನ್ನು ಮಲಗಿಸಿ, ಹೊರಗಿನಿಂದ ಚಿಲಕ ಹಾಕಿ ಮಿಲ್ಲಿಗೆ ಹೋಗುವಳು. ಊಟದ ಬಿಡುವಿನಲ್ಲಿ ಓಡಿಬಂದು ಹಾಲೂಡಿಸಿ ಹೋಗುವಳು. ಎಂಟು ವರ್ಷದ ಹಿರಿಯ ಮಗಳು ನನ್ನ ತರಗತಿಯಲ್ಲೇ ಇದ್ದಳು. ಓದುವುದರಲ್ಲಿ ಚುರುಕು, ಬಾಯಿ ಇನ್ನೂ ಚುರುಕು.

ಒಂದು ಬೆಳಿಗ್ಗೆ ಸಕ್ಕರೆ ಕೇಳಲು ಹೋದವಳು ಬಾಗಿಲಲ್ಲೇ ನಿಂತೆ. ತಾಯಿ ಸಾಸಿವೆಯಷ್ಟು ಕಪ್ಪು ಗುಳಿಗೆಯನ್ನು ಹಾಲಿನಲ್ಲಿ ತೇಯ್ದು ಕೂಸಿಗೆ ನೆಕ್ಕಿಸುತ್ತಿದ್ದಳು. ಏನದು ಎಂದೆ.

"ಅಫೀಮು ರೀ ಅಕ್ಕಾರ. ಸಂಜೀತನಕಾ ಮಲಗ್ತೈತಿ."

ಮೈಯೆಲ್ಲ ಉರಿದುಹೋಯಿತು. "ವಿಷ ಹಾಕ್ತಿದ್ದೀಯಲ್ಲೇ, ಒಂದು ದಿನ ಇದು ಏಳೋದೇ ಇಲ್ಲ" ಎಂದು ಇಡೀ ಚಾಳಿಗೆ ಕೇಳುವ ಹಾಗೆ ಬೈದೆ.

"ಎಚ್ಚರಿದ್ರ ಯಾರ್ ನೋಡ್ಬೇಕ್ರೀ?" ಎಂದಳು.

ನನ್ನಲ್ಲಿ ಬೈಗುಳ ಇನ್ನೂ ಬೇಕಾದಷ್ಟಿತ್ತು. ಕಡೆಗೆ ಅವಳು ಗುಳಿಗೆಯ ಡಬ್ಬಿಯನ್ನು ನನ್ನ ಕೈಗೇ ಕೊಟ್ಟುಬಿಟ್ಟಳು. ಗೆದ್ದೆ ಅಂದುಕೊಂಡೆ. ಶಾಲೆಯಲ್ಲಿ ನಾಲ್ಕು ಜನರ ಮುಂದೆ ಕೊಚ್ಚಿಕೊಂಡೆ ಕೂಡ.

ಮರುದಿನ ಹುಡುಗಿ ಶಾಲೆಗೆ ಬರಲಿಲ್ಲ. ಮೂರನೆಯ ದಿನವೂ ಬರದಿದ್ದಾಗ ಸಂಜೆ ಹೋಗಿ ವಿಚಾರಿಸಿದೆ.

"ಕೂಸು ಎಚ್ಚರಾತಲ್ರೀ" ಎಂದಳು ತಾಯಿ. "ಇಕಿ ಸಾಲೀಗೆ ಬಂದ್ರ ಅದನ್ನ ಯಾರ್ ಹಿಡ್ಕೋಬೇಕು?"

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದೆ. ಮಿಲ್ಲಿನಲ್ಲಿ ಕೂಸುಗಳಿಗೆಂದು ಇದ್ದ ಕೋಣೆಯಲ್ಲಿ ಜಾಗವಿರಲಿಲ್ಲ. ತಮ್ಮನನ್ನೂ ಕರೆತರಲಿ ಎಂದರೆ ಹೆಡ್ಮಾಸ್ತರರು ಒಪ್ಪಲಿಲ್ಲ. ನಾನೇ ನೋಡಿಕೊಳ್ಳುತ್ತೇನೆ ಎನ್ನೋಣವೆಂದರೆ ನನ್ನ ಕೆಲಸ ಬಿಡುವ ಹಾಗಿರಲಿಲ್ಲ. ಅಫೀಮಿನ ಡಬ್ಬಿ ನನ್ನ ಅಡುಗೆಮನೆಯ ಗೂಡಿನಲ್ಲೇ ಇತ್ತು. ಅದನ್ನು ಹಿಂದಕ್ಕೆ ಕೊಟ್ಟುಬಿಡಲೇ ಎಂದು ಒಂದು ಕ್ಷಣ ಯೋಚಿಸಿದ್ದೂ ಉಂಟು. ಆ ಯೋಚನೆ ಬಂದದ್ದಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು, ಆದರೆ ಬೇರೆ ಯೋಚನೆಯೂ ಬರಲಿಲ್ಲ.

ನಾನು ಶಾಲೆಗೆ ಹೊರಡುವಾಗ ಹುಡುಗಿ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಖೋಲಿಗಳ ಮುಂದಿನ ಗ್ಯಾಲರಿಯಲ್ಲಿ ನಿಂತಿರುತ್ತಿದ್ದಳು. ಇವತ್ತು ಯಾವ ಪಾಠ ಎಂದು ಕೇಳುತ್ತಿದ್ದಳು, ನಾನು ಹೇಳುತ್ತಿದ್ದೆ. ಒಂದು ದಿನ ಪಾಠ ಕೇಳಲಿಲ್ಲ. ಕೂಸು ಅವಳ ಜಡೆ ಹಿಡಿದೆಳೆದು ಕಿರುಚುತ್ತಿತ್ತು.

"ಅಕ್ಕಾರ, ನೋಡ್ರಿ, ಈಗ ಅಳಾಕ ಕಲ್ತಾನ" ಎಂದಳು, ಹೆಮ್ಮೆಯಿಂದ.

ಹೌದು ಕಣೇ ಎಂದೆ. ಹೊತ್ತಾಗಿತ್ತು, ಮೆಟ್ಟಿಲಿಳಿದು ಶಾಲೆಗೆ ಹೋದೆ.